ಪ್ರಾಮ್ ಖರ್ಚು: ಎಷ್ಟು ಕೊಡಬೇಕು, ಹೇಗೆ ಕೊಡಬೇಕು?

ಪ್ರಶ್ನೆ, ನ್ಯೂಜೆರ್ಸಿಯ ಎಡಿಸನ್‌ನಿಂದ ಒಬ್ಬ ತಾಯಿ:

ನಮಸ್ಕಾರ ಮೇಡಂ. ನಮ್ಮ ಮಗಳು ಹನ್ನೆರಡನೇ ತರಗತಿಯಲ್ಲಿದ್ದಾಳೆ. ಜೂನ್ ಮೊದಲ ವಾರ ಅವಳ ಶಾಲೆಯ ಸೀನಿಯರ್ ಪ್ರಾಮ್, ಅಂದರೆ ಕೊನೆಯ ವರ್ಷದ ಮಕ್ಕಳು ಅಲಂಕರಿಸಿಕೊಂಡು ಹೋಗುವ ನೃತ್ಯಕೂಟ, ಇದೆ. ದಾವಣಗೆರೆಯಲ್ಲಿ ಓದಿದ ನನಗೆ ಕೊನೆಯ ವರ್ಷವೆಂದರೆ ಬೀಳ್ಕೊಡುಗೆ ಸಮಾರಂಭ, ಅಮ್ಮನ ಸೀರೆ ಮತ್ತು ಒಂದು ಗ್ರೂಪ್ ಫೋಟೋ, ಅಷ್ಟೇ. ಇಲ್ಲಿ ಮಗಳು ಕೊಟ್ಟಿರುವ ಪಟ್ಟಿಯಲ್ಲಿ ಗೌನಿಗೆ 520 ಡಾಲರ್, ಅದನ್ನು ಅಳತೆಗೆ ಸರಿಮಾಡಿಸಲು 120, ಚಪ್ಪಲಿಗೆ 70, ಕೂದಲು ಮತ್ತು ಮೇಕಪ್‌ಗೆ 180, ಉಗುರಿಗೆ 55, ಟಿಕೆಟ್ಟಿಗೆ 110, ಹೂವಿಗೆ 30, ಪಾರ್ಟಿ ಬಸ್ಸಿನಲ್ಲಿ ಅವಳ ಪಾಲು 95, ಮರುದಿನ ಗೆಳತಿಯರೊಂದಿಗೆ ಸಮುದ್ರತೀರದ ಬಾಡಿಗೆ ಮನೆಯಲ್ಲಿ ಎರಡು ರಾತ್ರಿ ಇರಲು 300 ಎಂದಿದೆ. ಕೂಡಿದರೆ 1,480 ಡಾಲರ್, ಅಂದರೆ ಹೆಚ್ಚುಕಡಿಮೆ ಒಂದೂಕಾಲು ಲಕ್ಷ ರೂಪಾಯಿ. ನಮ್ಮ ಯಜಮಾನರು ಒಂದೇ ಮಾತಿನಲ್ಲಿ ಬೇಡವೆಂದುಬಿಟ್ಟರು. ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಒಂದು ರಾತ್ರಿಗೆ ನಿಜವಾಗಿಯೂ ಇಷ್ಟು ಖರ್ಚಾಗುತ್ತದೆಯೇ, ಅಥವಾ ಈ ದೇಶದ ರೀತಿ ಗೊತ್ತಿಲ್ಲದೆ ನಾವು ಮೋಸಹೋಗುತ್ತಿದ್ದೇವೆಯೇ?

ಉತ್ತರ, ಹಣಕಾಸು ಯೋಜಕಿ:

ನಮಸ್ಕಾರ. ನೀವು ಮೋಸಹೋಗುತ್ತಿಲ್ಲ. ಸಲಹೆಗೆಂದು ನನ್ನ ಬಳಿ ಬರುವ ಕುಟುಂಬಗಳ ಲೆಕ್ಕ ನೋಡಿದ ಮೇಲೆ ಹೇಳುತ್ತಿದ್ದೇನೆ, ನಿಮ್ಮ ಮಗಳ ಪಟ್ಟಿಯಲ್ಲಿ ಯಾವ ಬಾಬೂ ಉಬ್ಬಿಸಿ ಬರೆದದ್ದಲ್ಲ. ಇದು ಇಂದಿನ ಸಮಸ್ಯೆಯೂ ಅಲ್ಲ. ವೀಸಾ ಕಾರ್ಡ್ ಸಂಸ್ಥೆ ಹಿಂದೆ ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕದ ಕುಟುಂಬವೊಂದರ ಸರಾಸರಿ ಪ್ರಾಮ್ ಖರ್ಚು 2013ರಲ್ಲೇ 1,139 ಡಾಲರ್ ಇತ್ತು. 2015ರಲ್ಲಿ ಅದು 919ಕ್ಕೆ ಇಳಿದರೂ, ಅದರಲ್ಲಿ 324 ಡಾಲರ್ ಹೋಗಿದ್ದು, ಜೊತೆಗಾರರನ್ನು ಪ್ರಾಮ್‌ಗೆ ಕರೆಯಲು ಫಲಕ, ಹೂವು, ಬಲೂನುಗಳೊಂದಿಗೆ ನಡೆಸುವ 'ಪ್ರಾಮ್‌ಪೋಸಲ್' ಎಂಬ ಹೊಸ ಪದ್ಧತಿಗೆ. ಅದೇ ಸಮೀಕ್ಷೆಯ ಇನ್ನೊಂದು ಅಂಶ ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ಆದಾಯವಿದ್ದ ಕುಟುಂಬಗಳು ಸರಾಸರಿ 799 ಡಾಲರ್ ಖರ್ಚು ಮಾಡಿದರೆ, 25,000ಕ್ಕಿಂತ ಕಡಿಮೆ ಆದಾಯದವರು 1,393 ಡಾಲರ್ ಖರ್ಚು ಮಾಡುತ್ತಿದ್ದರು. ತಮ್ಮ ಮಗು ಆ ಒಂದು ರಾತ್ರಿಯಾದರೂ ಇತರರ ಎದುರು ಕುಗ್ಗಬಾರದು ಎಂಬ ತಂದೆತಾಯಿಯರ ಸಂಕಟವೇ ಆ ಅಂಕಿಯಲ್ಲಿ ನನಗೆ ಕಾಣುತ್ತದೆ. ಹೊರದೇಶದಿಂದ ಬಂದ ನಮಗೆ ಆ ಸಂಕಟ ಹೊಸದೇನೂ ಅಲ್ಲ.

ಬೆಲೆ ಏರಲು ಹೊರಗಿನ ಕಾರಣವೂ ಉಂಟು. ಇಲ್ಲಿ ಮಾರಾಟವಾಗುವ ಪ್ರಾಮ್ ಗೌನುಗಳಲ್ಲಿ ಬಹುಪಾಲು ಚೀನಾದಲ್ಲಿ ಹೊಲಿದು ಬರುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾದ ಸರಕಿನ ಮೇಲಿನ ಹೆಚ್ಚುವರಿ ಸುಂಕ ಶೇಕಡಾ 145ರವರೆಗೆ ಏರಿ, ಮೇ ತಿಂಗಳಲ್ಲಿ 30ಕ್ಕೆ ಇಳಿಯಿತು. ಪ್ರಾಮ್ ಅಂಗಡಿಗಳಿಗೆ ಅದೇ ಸುಗ್ಗಿಯ ಕಾಲವಾದ್ದರಿಂದ ಆ ಹೊರೆಯಲ್ಲಿ ಒಂದು ಪಾಲು ಗಿರಾಕಿಗಳ ಮೇಲೆ ಬಿತ್ತು. ನ್ಯೂಜೆರ್ಸಿಯಲ್ಲಿ ಬಟ್ಟೆಗೆ ಮಾರಾಟ ತೆರಿಗೆ ಇಲ್ಲದಿರುವುದು ನಿಮಗಿರುವ ಸಣ್ಣ ಸಮಾಧಾನ.

ಆದರೆ ಮನೆಯೊಳಗೆ ಈ ಖರ್ಚು ಕೈಮೀರುವುದು ಬೇರೆ ರೀತಿಯಲ್ಲಿ. ಫೆಬ್ರವರಿಯಲ್ಲಿ ಗೌನು, ಏಪ್ರಿಲ್‌ನಲ್ಲಿ ಟಿಕೆಟ್ಟು, ಮೇ ತಿಂಗಳಲ್ಲಿ ಬಸ್ಸು, ಕೊನೆಯ ವಾರ ಉಗುರು, ಹೀಗೆ ಒಂದೊಂದನ್ನೂ ಬೇರೆಬೇರೆ ದಿನ, ಬೇರೆಬೇರೆ ಜಗಳದ ನಡುವೆ ತೀರ್ಮಾನಿಸುತ್ತೇವೆ. ಪ್ರತಿಯೊಂದೂ 'ಇಷ್ಟೇ ತಾನೇ' ಅನ್ನಿಸುವಷ್ಟು ಚಿಕ್ಕದಾಗಿರುತ್ತದೆ. ಆದ್ದರಿಂದ ನನ್ನ ಸಲಹೆ ಒಂದೇ: ಬಾಬುಗಳ ಬಗ್ಗೆ ವಾದ ನಿಲ್ಲಿಸಿ. ನೀವೂ ಯಜಮಾನರೂ ಮೊದಲು ಇಬ್ಬರೇ ಕುಳಿತು, ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಉಳಿಯದಂತೆ, ಕಾಲೇಜಿಗೆಂದು ಎತ್ತಿಟ್ಟ ಹಣ ಮುಟ್ಟದಂತೆ ಎಷ್ಟು ಕೊಡಬಲ್ಲಿರೆಂದು ನಿರ್ಧರಿಸಿ. ಅದು 600 ಆಗಬಹುದು, 900 ಆಗಬಹುದು. ಆ ಮೊತ್ತವನ್ನು ಒಂದೇ ಸಲ ಮಗಳ ಖಾತೆಗೆ ಹಾಕಿ, ಇದರಲ್ಲಿ ಏನು ಬೇಕು, ಏನು ಬೇಡ ಎನ್ನುವುದು ನಿನ್ನದೇ ತೀರ್ಮಾನ ಎಂದು ಹೇಳಿ. ಉಳಿದರೆ ಅವಳಿಗೇ ಇರಲಿ. ಸಾಲದಿದ್ದರೆ ಅವಳು ದುಡಿದು ತುಂಬಿಕೊಳ್ಳಲಿ. ನ್ಯೂಜೆರ್ಸಿಯಲ್ಲಿ ಬಹುಪಾಲು ಕೆಲಸಗಳಿಗೆ 2025ರಲ್ಲಿ ಕನಿಷ್ಠ ವೇತನ ಗಂಟೆಗೆ 15.49 ಡಾಲರ್ ಇತ್ತು, ಆ ಲೆಕ್ಕದಲ್ಲಿ 520 ಡಾಲರಿನ ಗೌನೆಂದರೆ ಸುಮಾರು 34 ಗಂಟೆಗಳ ದುಡಿಮೆ. ಇದನ್ನು ನೀವು ಹೇಳಿದರೆ ಉಪದೇಶವಾಗುತ್ತದೆ, ಅವಳೇ ಲೆಕ್ಕ ಹಾಕಿದರೆ ತಿಳಿವಳಿಕೆಯಾಗುತ್ತದೆ.

ಆ ಸಮುದ್ರತೀರದ ಮನೆಯನ್ನು ಮಾತ್ರ ಈ ಮೊತ್ತದಿಂದ ಹೊರಗಿಡಿ, ಏಕೆಂದರೆ ಅದು ಹಣದ ಪ್ರಶ್ನೆಯಲ್ಲ. ಹದಿನೇಳು, ಹದಿನೆಂಟರ ಮಕ್ಕಳಿಗೆ ಸಾಮಾನ್ಯವಾಗಿ ಯಾರೂ ನೇರವಾಗಿ ಮನೆ ಬಾಡಿಗೆಗೆ ಕೊಡುವುದಿಲ್ಲ. ಯಾರೋ ಒಬ್ಬ ಪೋಷಕರು ಕರಾರಿಗೆ ಸಹಿ ಹಾಕಿರುತ್ತಾರೆ. ಅವರು ಯಾರು, ಆ ಎರಡು ರಾತ್ರಿ ಮನೆಯಲ್ಲಿ ದೊಡ್ಡವರು ಇರುತ್ತಾರೆಯೇ, ಮುಂಗಡ ಠೇವಣಿ ಎಷ್ಟು, ಏನಾದರೂ ಹಾಳಾದರೆ ತುಂಬಿಕೊಡುವವರು ಯಾರು ಎಂಬುದನ್ನು ನೀವೇ ಫೋನು ಮಾಡಿ ಕೇಳಿ. ಉತ್ತರ ಸಿಗದಿದ್ದರೆ ಬೇಡವೆನ್ನಲು ನಿಮಗೆ ಪೂರ್ಣ ಹಕ್ಕಿದೆ.

ಪ್ರಶ್ನೆ, ಪಾರ್ಸಿಪನಿಯಿಂದ ಒಬ್ಬ ತಂದೆ:

ಗಂಡುಮಕ್ಕಳ ಖರ್ಚು ಕಡಿಮೆಯೆಂದು ತಿಳಿದಿದ್ದೆ. ಟಕ್ಸಿಡೊ ಎಂಬ ಸಮಾರಂಭದ ಸೂಟಿನ ಬಾಡಿಗೆಯೇ 220 ಡಾಲರ್ ಎನ್ನುತ್ತಾನೆ ಮಗ. ಅದಿರಲಿ, ಅವನಿಗೆ 17 ತುಂಬಿ ಲೈಸೆನ್ಸ್ ಬಂದಿದೆ, ಮನೆಯಲ್ಲಿ ಕಾರಿದೆ. ಮೂವರು ಸ್ನೇಹಿತರನ್ನು ಕೂರಿಸಿಕೊಂಡು ಹೋಗಿ ಬರಲಿ ಎಂದರೆ, ಬಸ್ಸಿಗೇ 100 ಡಾಲರ್ ಕೊಡಬೇಕೆಂದು ಹಟ ಹಿಡಿದಿದ್ದಾನೆ. ಇದು ಶೋಕಿಯಲ್ಲವೇ?

ಉತ್ತರ:

ಈ ಒಂದು ವಿಷಯದಲ್ಲಿ ನಿಮ್ಮ ಮಗನ ಮಾತೇ ಸರಿ ಸರ್. ಅವನ ಕೈಯಲ್ಲಿರುವುದು ಪ್ರೊಬೇಷನರಿ ಲೈಸೆನ್ಸ್, ಅಂದರೆ ಹೊಸ ಚಾಲಕರಿಗೆ ಕೊಡುವ ಷರತ್ತಿನ ಪರವಾನಗಿ. ನ್ಯೂಜೆರ್ಸಿಯ ಕಾನೂನಿನಂತೆ ಅವನು ರಾತ್ರಿ 11:01ರಿಂದ ಬೆಳಗಿನ 5 ಗಂಟೆಯವರೆಗೆ ವಾಹನ ಓಡಿಸುವಂತಿಲ್ಲ. ತಂದೆ ಅಥವಾ ತಾಯಿ ಜೊತೆಗಿಲ್ಲದಿದ್ದರೆ ಹೊರಗಿನ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಿಕೊಳ್ಳುವಂತೆಯೂ ಇಲ್ಲ. ಪ್ರಾಮ್ ಮುಗಿಯುವುದೇ ಹನ್ನೊಂದರ ಆಸುಪಾಸು. ನೀವು ಹೇಳಿದ ಏರ್ಪಾಟು ಈ ಎರಡೂ ನಿಯಮಗಳನ್ನು ಮುರಿಯುತ್ತದೆ. ಹಣ ಉಳಿಸಲೇಬೇಕೆಂದರೆ ಇಬ್ಬರು ತಂದೆತಾಯಿಯರು ಪಾಳಿ ಹಂಚಿಕೊಂಡು, ಒಬ್ಬರು ಕರೆದೊಯ್ದು ಇನ್ನೊಬ್ಬರು ಕರೆತಂದರೆ ಸಾಕು. ಟಕ್ಸಿಡೊ ಬದಲು ಒಳ್ಳೆಯ ಕಪ್ಪು ಸೂಟನ್ನೇ ಕೊಂಡರೆ ಕಾಲೇಜು ಸೇರಿದ ಮೇಲೆ ಸಂದರ್ಶನಗಳಿಗೂ ಬರುತ್ತದೆ.

ಪ್ರಶ್ನೆ, ಹೆಸರು ಹೇಳಲಿಚ್ಛಿಸದ ಒಬ್ಬ ತಾಯಿ:

ನಮ್ಮವರ ಕೆಲಸ ಹೋಗಿ ಮೂರು ವಾರವಾಯಿತು. ಕೆಲಸಕ್ಕೆಂದೇ ಕೊಡುವ ಎಚ್‌-1ಬಿ ವೀಸಾ ಆದ್ದರಿಂದ 60 ದಿನಗಳೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲದಿದ್ದರೆ ಊರಿಗೆ ಮರಳಬೇಕಾಗಬಹುದು. ಮಗಳಿಗೆ ಇನ್ನೂ ಹೇಳಿಲ್ಲ. ಮುಂದಿನ ಶುಕ್ರವಾರ ಪ್ರಾಮ್ ಟಿಕೆಟ್ಟಿಗೆ ಕೊನೆಯ ದಿನ. ಅವಳ ಸಂತೋಷ ಕೆಡಿಸಬಾರದೆಂದು ಕಾರ್ಡಿನಲ್ಲಿ ಕೊಟ್ಟುಬಿಡೋಣವೆಂದು ನಾನು, ಬೇಡವೆಂದು ಅವರು. ಏನು ಮಾಡಲಿ?

ಉತ್ತರ:

ನಿಮ್ಮ ಪ್ರಶ್ನೆ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಮೊದಲು ಮಗಳಿಗೆ ಹೇಳಿ. ಅವಳಿಗೆ ಅರ್ಧ ಗೊತ್ತಾಗಿಯೇ ಇರುತ್ತದೆ. ಹಗಲಿನಲ್ಲಿ ಅಪ್ಪ ಮನೆಯಲ್ಲಿರುವುದನ್ನು, ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡುವುದನ್ನು ಹದಿನೇಳರ ಹುಡುಗಿ ಗಮನಿಸದೆ ಇರಲಾರಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ, ಆದರೆ ಹಾಸಿಗೆ ಎಷ್ಟುದ್ದವಿದೆ ಎಂದು ಒಮ್ಮೆಯೂ ತೋರಿಸಿರುವುದಿಲ್ಲ.

ಹೇಳಿದ ಮೇಲೆ ಪ್ರಾಮ್ ತಪ್ಪಿಸಬೇಕಾಗಿಲ್ಲ. ಶಾಲೆಯ ಕೌನ್ಸೆಲರ್‌ಗೆ ನಾಳೆಯೇ ಒಂದು ಮೇಲ್ ಬರೆಯಿರಿ. ಕಷ್ಟದಲ್ಲಿರುವ ಮಕ್ಕಳಿಗೆ ಟಿಕೆಟ್ ಶುಲ್ಕವನ್ನು ಸದ್ದಿಲ್ಲದೆ ಮನ್ನಾ ಮಾಡುವ ಏರ್ಪಾಟು ಅನೇಕ ಶಾಲೆಗಳಲ್ಲಿದೆ, ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಗೌನನ್ನು ಉಚಿತವಾಗಿ ಕೊಡುವ ಸಂಘಗಳೂ ಇವೆ. ಫ್ಲಾರಿಡಾದಲ್ಲಿ ಹುಟ್ಟಿದ 'ಬೆಕ್ಕಾಸ್ ಕ್ಲಾಸೆಟ್', ಸ್ಯಾನ್ ಫ್ರಾನ್ಸಿಸ್ಕೋ ಕಡೆಯ 'ಪ್ರಿನ್ಸೆಸ್ ಪ್ರಾಜೆಕ್ಟ್' ಇಂಥವು. ನಿಮ್ಮ ಕೌಂಟಿಯ ಗ್ರಂಥಾಲಯದಲ್ಲಿ ವಿಚಾರಿಸಿದರೆ ಹತ್ತಿರದವರ ವಿಳಾಸ ಸಿಗುವ ಸಂಭವ ಹೆಚ್ಚು.

ಎರಡು ವರ್ಷದ ಹಿಂದೆ ಇದೇ ಸ್ಥಿತಿಯಲ್ಲಿದ್ದ ಮನೆಯೊಂದಕ್ಕೆ ನಾನು ಹೋಗಿದ್ದೆ. ಊಟದ ಮೇಜಿನ ಮೇಲೆ ಹುಡುಗಿ ತನ್ನ ಅಜ್ಜಿಯ ಕಡುನೀಲಿ ಮೈಸೂರು ಸಿಲ್ಕ್ ಹರಡಿಕೊಂಡು, ಜರಿಯಂಚಿನ ಮೇಲೆ ಬೆರಳಾಡಿಸುತ್ತ, ಕುಪ್ಪಸವನ್ನು ಮಾತ್ರ ಎಡಿಸನ್‌ನಲ್ಲಿ ಭಾರತೀಯ ಅಂಗಡಿಗಳಿರುವ ಓಕ್ ಟ್ರೀ ರಸ್ತೆಯ ದರ್ಜಿಯಲ್ಲಿ ಹೊಸದಾಗಿ ಹೊಲಿಸಿಕೊಳ್ಳುತ್ತೇನೆ ಎಂದಳು. ಯಾರೂ ಅವಳಿಗೆ ಸೀರೆ ಉಡು ಎಂದು ಹೇಳಿರಲಿಲ್ಲ, ಅದನ್ನು ಇಲ್ಲಿ ಒತ್ತಿ ಹೇಳಬೇಕು. ದುಡ್ಡಿಲ್ಲವೆಂದು ಸೀರೆ ಉಡಿಸಿದರೆ ಅದು ಶಿಕ್ಷೆಯಾಗುತ್ತದೆ. ನಿಜ ತಿಳಿದು ಅವಳೇ ಆರಿಸಿಕೊಂಡದ್ದರಿಂದ ಅದು ಅವಳ ಉಡುಪಾಯಿತು. ನಿಮ್ಮ ಮಗಳು ಗೌನೇ ಬೇಕೆಂದರೂ ತಪ್ಪಿಲ್ಲ. ಕಾರ್ಡಿನ ಸಾಲ ಮಾತ್ರ ಬೇಡ. ಈ 60 ದಿನಗಳಲ್ಲಿ ನಿಮ್ಮ ಕೈಯಲ್ಲಿರುವ ನಗದು ಬಾಡಿಗೆಗೂ, ವಿಮೆಗೂ, ಬೇಕಾದರೆ ವಿಮಾನದ ಟಿಕೆಟ್ಟಿಗೂ ಉಳಿಯಬೇಕು.

ಮೊದಲ ಪ್ರಶ್ನೆ ಕೇಳಿದ ತಾಯಿ:

ಮೇಡಂ, ನಿನ್ನೆ ರಾತ್ರಿ 850 ಡಾಲರ್ ಎಂದು ತೀರ್ಮಾನಿಸಿ ಮಗಳ ಖಾತೆಗೆ ಹಾಕಿದೆವು. ಬೆಳಗಾಗುವಷ್ಟರಲ್ಲಿ ಮೇಕಪ್ಪನ್ನು ಗೆಳತಿಯರು ಒಬ್ಬರಿಗೊಬ್ಬರು ಮಾಡಿಕೊಳ್ಳುವುದೆಂದೂ, ಗೌನನ್ನು ಹಿಂದಿನ ವರ್ಷ ಪ್ರಾಮ್ ಮುಗಿಸಿದ ಪಕ್ಕದ ಬೀದಿಯ ಹುಡುಗಿಯಿಂದ 150ಕ್ಕೆ ಕೊಳ್ಳುವುದೆಂದೂ ಅವಳೇ ಮಾತಾಡಿ ಮುಗಿಸಿದ್ದಾಳೆ. ಬಸ್ಸು ಮತ್ತು ಉಗುರು ಬಿಡುವುದಿಲ್ಲವಂತೆ. ಗೌನು ನಾಲ್ಕು ಬೆರಳು ಉದ್ದವಿದೆ. ಯಾವಾಗ ಹೊಲಿಯಲು ಕೊಡಬೇಕು?

ಉತ್ತರ:

ಬಹಳ ಸಂತೋಷವಾಯಿತು. ಮೇ ತಿಂಗಳಲ್ಲಿ ದರ್ಜಿಗಳಿಗೆ ಬಿಡುವಿರುವುದಿಲ್ಲ, ಆದ್ದರಿಂದ ಏಪ್ರಿಲ್‌ನಲ್ಲೇ ಕೊಟ್ಟುಬಿಡಿ. ನೆಟ್ಟಿನ ಪದರಗಳಿದ್ದರೆ ಒಂದೊಂದು ಪದರಕ್ಕೂ ಬೇರೆ ಅಂಚು ಹೊಲಿಯಬೇಕಾದ್ದರಿಂದ ಕೂಲಿಯನ್ನು ಮೊದಲೇ ಕೇಳಿ. ಅಳತೆ ಕೊಡಲು ಹೋಗುವಾಗ ಅಂದು ಹಾಕುವ ಚಪ್ಪಲಿಯನ್ನೇ ಮಗಳು ಹಾಕಿಕೊಂಡು ಹೋಗಲಿ. ಹಿಮ್ಮಡಿಯ ಎತ್ತರ ಬದಲಾದರೆ ಹೊಲಿದ ಅಂಚನ್ನು ಮತ್ತೆ ಬಿಚ್ಚಬೇಕಾಗುತ್ತದೆ.