ತಮ್ಮಾ, ಅಂಗಡಿಯವನ ಲಿಸ್ಟ್ ಪಕ್ಕಕ್ಕಿಡು, ಮೊದಲು ಟೈರ್ ನೋಡು

ತಮ್ಮಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವ ವಿಷಯ ಅಲ್ಲ, ಅದಕ್ಕೆ ಫೋನಿಗೆ ಹೇಳುತ್ತಾ ಹೋಗುತ್ತೇನೆ, ಅದೇ ಬರೆದುಕೊಳ್ಳಲಿ. ಅಮ್ಮ, ಅಪ್ಪ, ನೀವೂ ಪೂರ್ತಿ ಓದಿ, ನಿಮ್ಮ ವಿಷಯವೂ ಬರುತ್ತೆ.

ಗ್ರೂಪಿನಲ್ಲಿ ಉಳಿದವರಿಗೂ ಗೊತ್ತಾಗಲಿ. ತಮ್ಮ ಸೆಕೆಂಡ್ ಹ್ಯಾಂಡ್ ಟೊಯೋಟಾ ಪ್ರಾಡೊ ಗಾಡಿ ತಗೊಂಡಿದ್ದಾನೆ. ಜುಲೈ ರಜೆಗೆ ಅಮ್ಮ ಅಪ್ಪ ಮೈಸೂರಿನಿಂದ ಬರುತ್ತಾರೆ. ಎಲ್ಲರನ್ನೂ ಕೂರಿಸಿಕೊಂಡು ಮೆಲ್ಬರ್ನ್‌ನಿಂದ ನಮ್ಮ ಅಡಿಲೇಡ್‌ಗೆ ಬಂದು, ಇಲ್ಲಿಂದ ಉತ್ತರಕ್ಕೆ, ಔಟ್‌ಬ್ಯಾಕ್ ಅನ್ನುವ ಆಸ್ಟ್ರೇಲಿಯಾದ ಒಣ ಒಳನಾಡಿಗೆ, ಮರ್ರೀ, ವಿಲಿಯಂ ಕ್ರೀಕ್, ಊಡ್ನಡಾಟಾ, ಮಾರ್ಲಾ ಅಂತ ಮಣ್ಣುರಸ್ತೆಯಲ್ಲಿ ಟೆಂಟ್ ಹಾಕಿಕೊಂಡು ಹೋಗುವುದು ಅವನ ಪ್ಲಾನ್. ಅಂಗಡಿಯವನು ಉದ್ದ ಲಿಸ್ಟ್ ಕೊಟ್ಟಿದ್ದಾನಂತೆ: ಗಾಡಿ ಮುಂದೆ ಹಾಕುವ ಗಟ್ಟಿ ಕಂಬಿ ಬುಲ್‌ಬಾರ್, ಹೂತ ಗಾಡಿ ಎಳೆಯುವ ವಿಂಚ್, ನೀರು ದಾಟುವಾಗ ಎಂಜಿನ್‌ಗೆ ಮೇಲಿನಿಂದ ಗಾಳಿ ಕೊಡುವ ಸ್ನಾರ್ಕೆಲ್, ಛಾವಣಿ ಮೇಲಿನ ಟೆಂಟ್, ಡಿಕ್ಕಿಗೆ ಡ್ರಾಯರ್, ಎರಡನೇ ಬ್ಯಾಟರಿ, ಸಾಲು ಲೈಟು. ಎಲ್ಲಾ ಹಾಕಿಸಲಾ ಅಕ್ಕಾ ಅಂತ ಕೇಳಿದ್ದಾನೆ.

ಬೇಡ ಕಣೋ. ಮುಕ್ಕಾಲು ಪಾಲು ಬೇಡವೇ ಬೇಡ.

ಒಂದು ಲೆಕ್ಕ ಹಾಕು. ನಿನ್ನ ಗಾಡಿ ಜನ, ಸಾಮಾನು, ಡೀಸೆಲ್ ಎಲ್ಲಾ ಸೇರಿ 2,990 ಕೆಜಿ ದಾಟುವ ಹಾಗಿಲ್ಲ, ಅದು ಕಾನೂನಿನ ಮಿತಿ. ಬರೀ ಗಾಡಿಯೇ ಹತ್ತಿರ ಹತ್ತಿರ 2,300 ಆಗುತ್ತೆ. ಉಳಿದದ್ದು ಆರುನೂರು ಚಿಲ್ಲರೆ. ದೊಡ್ಡವರು ನಾಲ್ಕು ಜನ, ಮಕ್ಕಳು ಇಬ್ಬರು, ಅಲ್ಲಿಗೆ ಅರ್ಧಕ್ಕಿಂತ ಜಾಸ್ತಿ ಹೋಯಿತು. ಬುಲ್‌ಬಾರ್, ವಿಂಚ್, ಡ್ರಾಯರ್, ಛಾವಣಿ ಟೆಂಟ್ ಅಂತ ಒಂದೊಂದೇ ಸೇರಿಸುತ್ತಾ ಹೋದರೆ ನೀರಿನ ಕ್ಯಾನ್ ಇಡುವ ಮೊದಲೇ ಮಿತಿ ಮುಗಿದಿರುತ್ತದೆ. ಭಾರ ಜಾಸ್ತಿಯಾದರೆ ಮೊದಲು ಕೈ ಕೊಡುವುದು ಹಿಂದಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಟೈರು. ಆಮೇಲೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ತೂಕದ ಪ್ರಶ್ನೆ ಎತ್ತಿದರೆ ಏನು ಹೇಳುತ್ತೀಯ?

ಇನ್ನೊಂದು, ನೀನು ಯೋಚನೆ ಮಾಡಿದ್ದೀಯೋ ಇಲ್ಲವೋ ಗೊತ್ತಿಲ್ಲ. ಆರು ಜನ ಕೂರಬೇಕು ಅಂದರೆ ಮೂರನೇ ಸಾಲಿನ ಸೀಟು ಎತ್ತಬೇಕು. ಎತ್ತಿದರೆ ಡಿಕ್ಕಿಯಲ್ಲಿ ಒಂದು ತರಕಾರಿ ಚೀಲ ಇಡುವಷ್ಟು ಜಾಗ ಇರುತ್ತದೆ ಅಷ್ಟೆ. ಆಗ ಡ್ರಾಯರ್ ಎಲ್ಲಿಡುತ್ತೀಯ? ಎಲ್ಲವೂ ಛಾವಣಿ ಮೇಲೆ ಹೋಗುತ್ತೆ, ಛಾವಣಿಗೂ ಮಿತಿ ಇದೆ, ಕ್ಯಾರಿಯರ್ ತೂಕವೂ ಆ ಮಿತಿಯೊಳಗೇ ಬರಬೇಕು, ಗಾಡಿಯ ಪುಸ್ತಕ ತೆಗೆದು ನೋಡು. ಮೇಲೆ ಭಾರ ಏರಿಸಿಕೊಂಡು ಮಣ್ಣುರಸ್ತೆಯಲ್ಲಿ ತಿರುವು ತಗೊಂಡರೆ ಗಾಡಿ ವಾಲುವುದು ನಿನಗೇ ಗೊತ್ತಾಗುತ್ತೆ.

ಅದಕ್ಕೆ ನಾನೂ ನಿಮ್ಮ ಭಾವನೂ ಮಾತಾಡಿಕೊಂಡಿದ್ದೇವೆ. ನಾವೂ ಬರುತ್ತೇವೆ. ಅಮ್ಮ ಅಪ್ಪ ನಮ್ಮ ಪಜೇರೋದಲ್ಲಿ ಕೂರಲಿ, ನೀವು ನಾಲ್ಕು ಜನ ನಿಮ್ಮದರಲ್ಲಿ. ಆ ಕಡೆಗೆ ಎರಡು ಗಾಡಿ ಒಟ್ಟಿಗೆ ಹೋಗುವುದೇ ಸರಿ, ಒಂದು ಕೆಟ್ಟು ನಿಂತರೆ ಇನ್ನೊಂದು ಇರುತ್ತೆ. ವಿಂಚ್‌ನ ದುಡ್ಡೂ ಉಳಿಯಿತು.

ಛಾವಣಿ ಟೆಂಟ್ ಬಗ್ಗೆ ಒಂದೇ ಮಾತು. ಅಮ್ಮನ ಮಂಡಿ. ರಾತ್ರಿ ಎರಡು ಗಂಟೆಗೆ ಚಳಿಯಲ್ಲಿ ಏಣಿ ಇಳಿದು ಟಾಯ್ಲೆಟ್‌ಗೆ ಹೋಗಿ ಮತ್ತೆ ಏಣಿ ಹತ್ತಬೇಕು, ಆಗುತ್ತಾ? ಸುಮ್ನೆ ನೆಲದ ಮೇಲೆ ಹಾಕುವ ಟೆಂಟ್ ತಗೋ, ಒಳಗೆ ನಿಂತುಕೊಳ್ಳುವಷ್ಟು ಎತ್ತರದ್ದು. ದಾರಿಯಲ್ಲಿ ಸಿಗುವ ಕವರ್ಡ್ ಸ್ಪ್ರಿಂಗ್ಸ್ ಕ್ಯಾಂಪ್‌ನಲ್ಲಿ ಟಾಯ್ಲೆಟ್ ಇದೆ, ಸೌದೆ ಒಲೆಯಲ್ಲಿ ಕಾಯಿಸಿದ ಬಿಸಿನೀರಿನ ಸ್ನಾನ ಇದೆ, ಥೇಟ್ ನಮ್ಮ ಹಳೇ ಮನೆ ಬಚ್ಚಲಿನ ಹಂಡೆ ಇದ್ದ ಹಾಗೆ. ವಿಲಿಯಂ ಕ್ರೀಕ್ ಹೋಟೆಲ್‌ನಲ್ಲಿ ರೂಮು ಸಿಗುತ್ತೆ, ಅಲ್ಲಿ ಒಂದು ರಾತ್ರಿ ಇವರಿಬ್ಬರಿಗೆ ಮಂಚ ಇರಲಿ.

ಈಗ ಟೈರು. ದುಡ್ಡು ಹಾಕುವುದಾದರೆ ಇದಕ್ಕೆ ಹಾಕು. ಟೈರಿನ ಪಕ್ಕದಲ್ಲಿ ಬಗ್ಗಿ ನೋಡು, ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತೆ. 2317 ಅಂತಿದ್ದರೆ 2017ನೇ ಇಸವಿಯ 23ನೇ ವಾರ ತಯಾರಾದದ್ದು. ಹಳೇ ಗಾಡಿಗಳಲ್ಲಿ ನಾಲ್ಕು ಚಕ್ರ ಹೊಸದಿದ್ದರೂ ಹಿಂಬಾಗಿಲಲ್ಲಿ ನೇತಾಡುವ ಸ್ಟೆಪ್ನಿ ಕಾರ್ಖಾನೆಯಿಂದ ಬಂದದ್ದೇ ಇರುತ್ತೆ, ಕವರ್ ತೆಗೆದರೆ ಬಿಸಿಲಿಗೆ ಒಣಗಿ ಸಣ್ಣ ಸಣ್ಣ ಬಿರುಕು. ಅದನ್ನೂ ಬದಲಾಯಿಸು. ಎಲ್‌ಟಿ, ಅಂದರೆ ಲೈಟ್ ಟ್ರಕ್, ಅಂತ ಬರೆದಿರುವ ಆಲ್ ಟೆರೇನ್ ಟೈರ್ ಹಾಕಿಸು, ಪಕ್ಕದ ಗೋಡೆ ಗಟ್ಟಿ ಇರುತ್ತೆ. ಅಲ್ಲಿಯ ಚೂಪು ಕಲ್ಲು ಟೈರನ್ನು ಪಕ್ಕದಲ್ಲೇ ಸೀಳುತ್ತದೆ, ಅದಕ್ಕೆ ಪಂಚರ್ ಹಾಕಲು ಬರುವುದಿಲ್ಲ. ಎರಡನೇ ಸ್ಟೆಪ್ನಿ ಒಂದಿರಲಿ, ಪಂಚರ್ ಕಿಟ್ ಇರಲಿ, ಗಾಳಿ ಹೊಡೆಯಲು ಒಳ್ಳೇ ಕಂಪ್ರೆಸರ್ ಇರಲಿ.

ಡಾಂಬರು ಮುಗಿದ ತಕ್ಷಣ ಗಾಡಿ ನಿಲ್ಲಿಸಿ ಗಾಳಿ ಇಳಿಸಬೇಕು. ಡಾಂಬರಿನಲ್ಲಿ 38 ಪಿಎಸ್‌ಐ ಇಟ್ಟಿದ್ದರೆ ಅಲ್ಲಿ 28ರ ಹತ್ತಿರ ತಾ. ಇಳಿಸಿದರೆ ಟೈರ್ ಮೆತ್ತಗಾಗಿ ಕಲ್ಲಿಗೆ ಬಗ್ಗುತ್ತದೆ, ಆ ಅಲೆ ಅಲೆ ರಸ್ತೆಯ ಕುಲುಕಾಟವೂ ಎಷ್ಟೋ ಕಡಿಮೆ. ಆದರೆ ಗಾಳಿ ಇಳಿಸಿ 110ರಲ್ಲಿ ಓಡಿಸಿದರೆ ಟೈರ್ ಬಿಸಿಯಾಗಿ ಹರಿದುಹೋಗುತ್ತೆ, 80 ದಾಟಬೇಡ. ಪ್ರತಿ ಸಲ ನಿಂತಾಗ ನಾಲ್ಕೂ ಟೈರನ್ನು ಕೈಯಲ್ಲಿ ಮುಟ್ಟಿ ನೋಡು. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅದು ಗಾಳಿ ಬಿಡುತ್ತಿರಬಹುದು. ಚಕ್ರದ ಮಧ್ಯಭಾಗವೇ ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್.

ಹೊರಡುವ ಮುಂಚೆ ಒಂದು ಭಾನುವಾರ ಮನೆ ಮುಂದೆಯೇ ಸ್ಟೆಪ್ನಿ ಬದಲಾಯಿಸಿ ನೋಡು, ಗಾಡಿಯ ಜ್ಯಾಕ್‌ನಲ್ಲೇ. ನಿನ್ನ ಹೆಂಡತಿಯೂ ಮಾಡಲಿ. ಜ್ಯಾಕ್ ಎಲ್ಲಿದೆ, ಹಿಡಿ ಹೇಗೆ ಸೇರಿಸುವುದು, ಅಂಗಡಿಯವರು ಮಷಿನ್‌ನಲ್ಲಿ ಬಿಗಿದ ನಟ್ಟು ಕೈಯಲ್ಲಿ ಬಿಚ್ಚಲು ಬರುತ್ತಾ, ಇದೆಲ್ಲಾ ಅಲ್ಲೇ ಗೊತ್ತಾಗಲಿ. ಜ್ಯಾಕ್ ಕೆಳಗೆ ಇಡಲು ಒಂದು ದಪ್ಪ ಹಲಗೆ ತುಂಡು ತಗೋ, ಮಣ್ಣಿನಲ್ಲಿ ಜ್ಯಾಕೇ ಒಳಗೆ ಇಳಿಯುತ್ತದೆ. ಚಕ್ರ ಬದಲಾಯಿಸಿ ಸ್ವಲ್ಪ ದೂರ ಹೋದ ಮೇಲೆ ನಟ್ಟು ಇನ್ನೊಂದು ಸಲ ಬಿಗಿ ಮಾಡಬೇಕು, ಮರೆಯಬೇಡ.

ಸರ್ವಿಸ್ ಮಾಮೂಲಿ. ಆಯಿಲ್, ಏರ್ ಫಿಲ್ಟರ್, ಬೆಲ್ಟು, ಕೂಲೆಂಟ್ ಪೈಪು, ಬ್ರೇಕ್ ಪ್ಯಾಡು. ಆದರೆ ಹೊರಡುವ ಹಿಂದಿನ ದಿನ ಮಾಡಿಸಬೇಡ, ಎರಡು ಮೂರು ವಾರ ಮುಂಚೆ ಮಾಡಿಸಿ ಊರಲ್ಲೇ ಓಡಿಸು. ಏನಾದರೂ ಸಡಿಲ ಬಿಟ್ಟಿದ್ದರೆ ಅಷ್ಟರಲ್ಲಿ ತಿಳಿಯುತ್ತೆ. ನಿಧಾನಕ್ಕೆ ಬಲವಾಗಿ ಎಳೆಯುವ ಲೋ ರೇಂಜು ಗೇರು, ಮುಂದಿನ ಹಿಂದಿನ ಚಕ್ರ ಒಟ್ಟಿಗೆ ತಿರುಗುವ ಹಾಗೆ ಮಾಡುವ ಮಧ್ಯದ ಡಿಫ್ ಲಾಕು ಎರಡೂ ಹಾಕಿ ತೆಗೆದು ನೋಡು. ಅದನ್ನು ಡಾಂಬರಿನ ಮೇಲೆ ಮಾಡಬೇಡ, ಹುಲ್ಲೋ ಮಣ್ಣೋ ಇರುವ ಕಡೆ. ಹಳೇ ಮಾಲೀಕ ವರ್ಷಗಟ್ಟಲೆ ಮುಟ್ಟದೇ ಇದ್ದರೆ ಹಿಡಿದುಕೊಂಡಿರುತ್ತೆ.

ಸ್ನಾರ್ಕೆಲ್ ಬೇಡ, ನೀರು ದಾಟುವಂಥ ಪರಿಸ್ಥಿತಿ ಬಂದರೆ ನಾವು ದಾಟುವುದೇ ಇಲ್ಲ. ಸಾಲು ಲೈಟು ಬೇಡ, ಕತ್ತಲಾದ ಮೇಲೆ ಓಡಿಸುವುದಿಲ್ಲ. ಸಂಜೆ ಕಾಂಗರೂ, ಎಮು, ದನ ಎಲ್ಲಾ ರಸ್ತೆಗೇ ಬರುತ್ತವೆ. ಎರಡನೇ ಬ್ಯಾಟರಿ ಫ್ರಿಜ್ ಇಟ್ಟರೆ ಮಾತ್ರ, ನಮ್ಮಲ್ಲಿ ಒಂದು ಫ್ರಿಜ್ ಇದೆ, ಸಾಕು. ಹಗ್ಗ ಕಟ್ಟಿ ಎಳೆಯುವ ಸಾಮಾನು ನಾನು ತರುತ್ತೇನೆ. ಒಂದು ವಿಷಯ ಮಾತ್ರ ತಲೆಯಲ್ಲಿರಲಿ. ಟ್ರೈಲರ್ ಸಿಕ್ಕಿಸುವ ಉಂಡೆ ಇದೆಯಲ್ಲ, ಹೂತ ಗಾಡಿ ಎಳೆಯಲು ಅದಕ್ಕೆ ಎಂದೂ ಪಟ್ಟಿ ಹಾಕಬಾರದು. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ, ಈ ದೇಶದಲ್ಲಿ ಜನ ಸತ್ತಿದ್ದಾರೆ.

ಡೀಸೆಲ್‌ಗೆ ಹೆದರಬೇಡ. ಮರ್ರೀ, ವಿಲಿಯಂ ಕ್ರೀಕ್, ಊಡ್ನಡಾಟಾ, ಮಾರ್ಲಾ, ನಾಲ್ಕೂ ಕಡೆ ಸಿಗುತ್ತೆ, ನಡುವೆ ಸುಮಾರು ಇನ್ನೂರು ಇನ್ನೂರು ಕಿಲೋಮೀಟರ್. ನಿನ್ನದು ಎರಡು ಟ್ಯಾಂಕಿನ ಮಾಡೆಲ್ ಆದರೆ 150 ಲೀಟರ್ ಹಿಡಿಯುತ್ತೆ, ಕ್ಯಾನ್ ಹೊರುವುದೇ ಬೇಡ. ಬೆಲೆ ಊರಿಗಿಂತ ಜಾಸ್ತಿ, ಗೊಣಗಬೇಡ.

ನೀರು ಒಬ್ಬರಿಗೆ ದಿನಕ್ಕೆ ಐದು ಲೀಟರಾದರೂ ಲೆಕ್ಕ ಹಾಕು, ಮೇಲೆ ಮೂರು ದಿನದ್ದು ಜಾಸ್ತಿ. ಒಂದೇ ದೊಡ್ಡ ಡ್ರಮ್ ಬೇಡ, ಸಣ್ಣ ಕ್ಯಾನ್‌ಗಳು. ಒಂದು ಒಡೆದರೆ ಉಳಿದವು ಇರುತ್ತವೆ. ಊಟಕ್ಕೂ ಮೂರು ದಿನ ಜಾಸ್ತಿ ಇರಲಿ. ಯಾಕೆ ಅಂದರೆ ಮಳೆ. ಅಲ್ಲಿ ಸ್ವಲ್ಪ ಮಳೆ ಬಿದ್ದರೂ ಆ ಮಣ್ಣು ಜಾರಿ ಅಂಟಿ ರಸ್ತೆ ಮುಚ್ಚಿಬಿಡುತ್ತಾರೆ. ಮುಚ್ಚಿದ ರಸ್ತೆಯಲ್ಲಿ ಓಡಿಸಿದರೆ ದಂಡ ಹಾಕುತ್ತಾರೆ, ಗಾಡಿ ಹೂತುಕೊಳ್ಳುವುದು ಬೇರೆ. ಸರ್ಕಾರದ ಔಟ್‌ಬ್ಯಾಕ್ ರಸ್ತೆ ವರದಿಯನ್ನು ದಿನಾ ಬೆಳಿಗ್ಗೆ ನೋಡೋಣ. ರಜೆ ಎರಡು ದಿನ ಹೆಚ್ಚಿಗೆ ಕೇಳಿಟ್ಟುಕೋ.

ಊರು ದಾಟಿದರೆ ಫೋನ್ ಸತ್ತಂತೆಯೇ. ನಮ್ಮ ಹತ್ತಿರ ಪಿಎಲ್‌ಬಿ ಇದೆ, ಒತ್ತಿದರೆ ಉಪಗ್ರಹದ ಮೂಲಕ ರಕ್ಷಣೆಯವರಿಗೆ ಸುದ್ದಿ ಹೋಗುತ್ತೆ. ನೀನೂ ಒಂದು ತಗೊಂಡು ಆಮ್ಸಾದಲ್ಲಿ, ಅಂದರೆ ಸರ್ಕಾರದ ಸಾಗರ ಸುರಕ್ಷತೆಯವರ ಹತ್ತಿರ, ನೋಂದಾಯಿಸು, ನೋಂದಣಿಗೆ ದುಡ್ಡಿಲ್ಲ. ಎರಡು ಗಾಡಿ ಮಧ್ಯೆ ಮಾತಿಗೆ ಯುಎಚ್‌ಎಫ್ ರೇಡಿಯೋ ಇರಲಿ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬಾರದು, ಇದು ಮಕ್ಕಳಿಗೂ ಬಾಯಿಪಾಠ ಆಗಲಿ. ಅಪ್ಪಾ, ಬಿಪಿ ಮಾತ್ರೆ ಎರಡು ಪಟ್ಟು ತನ್ನಿ, ಅರ್ಧ ಒಂದು ಗಾಡಿಯಲ್ಲಿ, ಅರ್ಧ ಇನ್ನೊಂದರಲ್ಲಿ.

ಜುಲೈ ಒಳ್ಳೇ ಕಾಲ. ಊಡ್ನಡಾಟಾದಲ್ಲಿ 1960ರ ಜನವರಿಯಲ್ಲಿ 50.7 ಡಿಗ್ರಿ ಬಿಸಿಲು ದಾಖಲಾಗಿತ್ತು, ಬೇಸಿಗೆಯಲ್ಲಿ ಹೋಗುವ ಜಾಗ ಅಲ್ಲ. ಇಲ್ಲಿ ಜುಲೈ ಅಂದರೆ ಚಳಿಗಾಲ, ಹಗಲು ಹಿತ, ರಾತ್ರಿ ಮಾತ್ರ ಸೊನ್ನೆ ಹತ್ತಿರಕ್ಕೂ ಇಳಿಯಬಹುದು. ಅಪ್ಪನಿಗೆ ರೈಲು ಅಂದರೆ ಪ್ರಾಣ ಅಲ್ವಾ, ಆ ದಾರಿ ಊಡ್ನಡಾಟಾ ತನಕ 1980ರಲ್ಲಿ ನಿಂತುಹೋದ ಹಳೇ ಘಾನ್ ರೈಲಿನ ದಾರಿಯ ಪಕ್ಕದಲ್ಲೇ ಸಾಗುತ್ತದೆ. ಆ ರೈಲಿನದ್ದೇ ಅಲ್ಜಿಬಕೀನಾದ ಕಬ್ಬಿಣದ ಸೇತುವೆ 578 ಮೀಟರ್ ಉದ್ದ, ಅಲ್ಲಿ ಅರ್ಧ ದಿನ ನಿಲ್ಲೋಣ. ಲೇಕ್ ಏರ್ ಅಂತಲೂ ಕರೆಯುವ ಕಾಟಿ ತಾಂಡಾ ಉಪ್ಪು ಸರೋವರದ ತಳ ಸಮುದ್ರಮಟ್ಟಕ್ಕಿಂತ 15 ಮೀಟರ್ ಕೆಳಗಿದೆ. ದಡದಲ್ಲಿ ನಿಂತು ನೋಡುವುದು, ಅದರ ಮೇಲೆ ಗಾಡಿ ಇಳಿಸುವ ಹಾಗಿಲ್ಲ.

ತಮ್ಮಾ, ವಿಕ್ಟೋರಿಯಾದಿಂದ ಈ ಕಡೆ ಹಣ್ಣು, ಟೊಮೇಟೊ, ಹಸಿಮೆಣಸಿನಕಾಯಿ ತರಬೇಡ, ಹಣ್ಣುನೊಣ ಹರಡಬಾರದು ಅಂತ ಕಾನೂನಿದೆ, ದಾರಿಯಲ್ಲಿ ಹಿಡಿದರೆ ದಂಡ. ತರಕಾರಿ ನಾನೇ ಇಲ್ಲಿ ತಗೊಳ್ಳುತ್ತೇನೆ. ಟೈರ್ ಹಾಕಿಸಿದ ಮೇಲೆ ಎಲ್ಲಾ ಸಾಮಾನು ತುಂಬಿ, ಟ್ಯಾಂಕ್ ತುಂಬಿಸಿ, ನಾಲ್ಕೂ ಜನ ಕೂತು ಗಾಡಿ ತೂಕ ಹಾಕುವ ಹತ್ತಿರದ ವೇ ಬ್ರಿಜ್‌ಗೆ ಹೋಗಿ ಚೀಟಿ ತಗೊಂಡು ಇಲ್ಲೇ ಫೋಟೋ ಹಾಕು. ಏನು ಇಳಿಸಬೇಕು ಅಂತ ಆಮೇಲೆ ಹೇಳುತ್ತೇನೆ.

ಅಮ್ಮಾ, ಚಟ್ನಿಪುಡಿ, ಪುಳಿಯೋಗರೆ ಪುಡಿ ತಾ, ಆದರೆ ಏರ್‌ಪೋರ್ಟ್ ಕಾರ್ಡಿನಲ್ಲಿ ತಿಂಡಿ ಇದೆ ಅಂತ ಬರೆದು ತೋರಿಸು. ಹಸಿ ಕರಿಬೇವು ಮಾತ್ರ ಬೇಡ, ನಮ್ಮ ಹಿತ್ತಲಲ್ಲೇ ಗಿಡ ಇದೆ.