‘ನೇಮಕಾತಿ ಅಕ್ರಮ’ ಒಪ್ಪುವುದಿಲ್ಲ, ಬೇರೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಡಲ್ಲಾಸಿನ ನಮ್ಮ ಕನ್ನಡ ಕೂಟದ ಸಂಚಿಕೆಗೆ ಇದೇ ಊರಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಹಳೆಯ ಫುಟ್‌ಬಾಲ್ ಹಗರಣದ ಬಗ್ಗೆ ಬರೆಯುತ್ತಿದ್ದೇನೆ. (ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಅವಚಿಕೊಂಡು ನುಗ್ಗುವ ಆಟ.) ಒಳ್ಳೆಯ ಆಟಗಾರರನ್ನು ಕಾಲೇಜಿಗೆ ಸೆಳೆಯುವಾಗ ನಿಯಮ ಮುರಿಯುವುದಕ್ಕೆ ಇವರು ಹೇಳುವ ‘ರಿಕ್ರೂಟಿಂಗ್ ವಯಲೇಷನ್’ ಎಂಬ ಮಾತು ಬಂದಲ್ಲೆಲ್ಲ ‘ನೇಮಕಾತಿ ಅಕ್ರಮ’ ಎಂದು ಹಾಕಿದ್ದೆ. ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಎರಡು ಪ್ಯಾರಾ ಕೇಳಿಸಿಕೊಂಡು ಅವರು ಕೇಳಿದ್ದು: “ಅಲ್ಲ ಕಣೋ, ಸೀಟಿಗೆ ಆ ಹುಡುಗ ಎಷ್ಟು ಕೊಟ್ಟಿದ್ನಂತೆ?”

ಹುಡುಗ ಕೊಟ್ಟಿರಲಿಲ್ಲ, ಹುಡುಗನಿಗೆ ಕೊಟ್ಟಿದ್ದರು. ಅಮ್ಮನ ತಪ್ಪೇನಿಲ್ಲ. 545 ಪಿಎಸ್‌ಐ ಹುದ್ದೆಗಳ ಪ್ರಕರಣವನ್ನು ಟೀವಿಯಲ್ಲಿ ನೋಡಿದ ಯಾರಿಗೇ ಆದರೂ ನೇಮಕಾತಿ ಅಕ್ರಮ ಎಂದರೆ ಅಭ್ಯರ್ಥಿಯ ಕೈಯಿಂದ ಮೇಲಕ್ಕೆ ಹೋಗುವ ದುಡ್ಡು. ಇಲ್ಲಿ ಅದು ಮೇಲಿಂದ ಕೆಳಕ್ಕೆ ಬರುತ್ತದೆ. ಒಬ್ಬ ಸಿರಿವಂತ ಅಭಿಮಾನಿಯ ಹಣದಿಂದ 13 ಆಟಗಾರರಿಗೆ ತಿಂಗಳಿಗೆ 50ರಿಂದ 725 ಡಾಲರಿನವರೆಗೆ, ಒಟ್ಟು ಸುಮಾರು 61,000 ಡಾಲರ್ ಸಂದಿತ್ತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ 1987ರ ಫೆಬ್ರವರಿಯಲ್ಲಿ ಆ ವರ್ಷದ ಆಟವನ್ನೇ ನಿಲ್ಲಿಸಿತು. 1988ರಲ್ಲಿ ವಿಶ್ವವಿದ್ಯಾಲಯ ತಾನಾಗಿಯೇ ಕಣಕ್ಕಿಳಿಯಲಿಲ್ಲ. ಹಣ ಕೊಡುವುದು ಮುಂದುವರಿಯಲಿ ಎಂದು ಒಪ್ಪಿದವರಲ್ಲಿ ತಾನೂ ಒಬ್ಬ ಎಂದು ಟೆಕ್ಸಾಸಿನ ಗವರ್ನರ್ ಬಿಲ್ ಕ್ಲೆಮೆಂಟ್ಸ್ ಬಾಯಿಬಿಟ್ಟರು. ಗವರ್ನರ್ ಆಗುವ ಮುಂಚೆ ಅವರು ಅದೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು.

ಹಾಗಾದರೆ ಇದನ್ನು ಏನೆನ್ನೋಣ? ‘ಲಂಚ’ ಆಗದು. ಲಂಚ ತಿನ್ನುವವನ ಕೈಯಲ್ಲಿ ಅಧಿಕಾರ ಇರಬೇಕು, ಹದಿನೆಂಟರ ಹುಡುಗನಿಗೆ ಎಲ್ಲಿಯ ಅಧಿಕಾರ? ‘ಕಳ್ಳಾಟ’ ನನಗೆ ತುಂಬ ಇಷ್ಟದ ಪದ, ಆದರೆ ಅದು ಆಟದೊಳಗಿನ ಮೋಸ. 2023ರಲ್ಲಿ ಮಿಷಿಗನ್ ತಂಡದವರು ಎದುರಾಳಿಗಳ ಪಂದ್ಯಗಳಿಗೆ ಜನರನ್ನು ಕಳಿಸಿ, ಎದುರಾಳಿ ಕೋಚ್‌ಗಳು ತಮ್ಮ ಆಟಗಾರರಿಗೆ ತಂತ್ರ ತಿಳಿಸುವ ಕೈಸನ್ನೆಗಳನ್ನು ಚಿತ್ರೀಕರಿಸಿಕೊಂಡ ಪ್ರಕರಣ ಬಂತಲ್ಲ, ಅದಕ್ಕೆ ಕಳ್ಳಾಟ ಎಂದರೆ ಸರಿಯಾಗಿ ಕೂರುತ್ತದೆ. ಇದು ಆಟ ಶುರುವಾಗುವ ಮೊದಲೇ, ಹುಡುಗನ ಮನೆಯ ಪಡಸಾಲೆಯಲ್ಲಿ ನಡೆಯುವ ವ್ಯವಹಾರ.

ಉಳಿದದ್ದು ‘ಆಮಿಷ’. ಚುನಾವಣೆಯಿಂದಾಗಿ ಎಲ್ಲರ ಬಾಯಲ್ಲಿರುವ ಪದ. ಮೂಲದಲ್ಲಿ ಆಮಿಷ ಎಂದರೆ ಮಾಂಸ, ನಿರಾಮಿಷ ಹುಟ್ಟಿದ್ದೂ ಅದರಿಂದಲೇ. ಗಾಳ ಯಾರದು, ಮೀನು ಯಾರು ಎಂಬುದು ಈ ಪದದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕೇ ನನಗೆ ಹಿಡಿಸಿತು. ಆದರೆ ಇದೂ ಎಲ್ಲ ಕಡೆ ಹೊಂದದು. ಕೋಚ್ ಹುಡುಗನನ್ನು ಯಾವಾಗ ಮುಖತಃ ಭೇಟಿಯಾಗಬಹುದು ಎಂಬುದಕ್ಕೂ ಅವರಲ್ಲಿ ನಿಯಮವಿದೆ. ನಿಷೇಧದ ಅವಧಿಯಲ್ಲಿ ಬರಿಗೈಯಲ್ಲಿ ಹೋಗಿ ಮಾತಾಡಿಸಿ ಬಂದರೂ ತಪ್ಪೇ. ಅಲ್ಲಿ ಆಮಿಷ ಎಲ್ಲಿದೆ?

ಇನ್ನು ‘ಅಕ್ರಮ’. ನಿಜವಾಗಿ ಇದೇ ನನ್ನನ್ನು ಹೆಚ್ಚು ಕಾಡುತ್ತಿರುವುದು. ಪತ್ರಿಕೆಗಳಲ್ಲಿ ಅಕ್ರಮ ಮರಳು, ಅಕ್ರಮ ಮದ್ಯ ಓದಿ ಓದಿ ನಮಗೆ ಅದು ಪೊಲೀಸ್ ಕೇಸಿನ ಪದವಾಗಿಬಿಟ್ಟಿದೆ. ಈ ಹುಡುಗರು ಮುರಿದದ್ದು ಆಟಗಾರರು ಹೀಗೆ ಹಣ ಪಡೆಯಬಾರದು ಎಂಬ ಒಂದು ಸಂಸ್ಥೆಯ ನಿಯಮವನ್ನು. ಆ ನಿಯಮವೂ ಈಗ ಮೊದಲಿನಂತಿಲ್ಲ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಟಗಾರನಾಗಿದ್ದ ರೆಜಿ ಬುಷ್, ಹೊರಗಿನವರಿಂದ ಹಣ, ಸವಲತ್ತು ಪಡೆದ ಆರೋಪದಲ್ಲಿ 2010ರಲ್ಲಿ, ವರ್ಷದ ಶ್ರೇಷ್ಠ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು ಬಿಟ್ಟುಕೊಟ್ಟರು. 2024ರಲ್ಲಿ ಅದನ್ನು ಅವರಿಗೆ ಮರಳಿಸಲಾಯಿತು. ಕಡುಬಡತನದಿಂದ ಬಂದು, ಸಾವಿರಾರು ಜನರು ಟಿಕೆಟ್ ಕೊಂಡು ನೋಡುವ ಆಟ ಆಡಿ, ತಿಂಗಳಿಗೆ 50 ಡಾಲರ್ ತೆಗೆದುಕೊಂಡವನಿಗೂ ಮರಳು ಲಾರಿಯವನಿಗೂ ಒಂದೇ ಪದ ಬಳಸಲು ನನ್ನ ಕೈ ಬರುತ್ತಿಲ್ಲ.

ಸದ್ಯಕ್ಕೆ ರಿಕ್ರೂಟಿಂಗ್‌ಗೆ ‘ಆಟಗಾರರನ್ನು ಸೆಳೆಯುವುದು’, ವಯಲೇಷನ್‌ಗೆ ‘ನಿಯಮಭಂಗ’, ಹಣ ಇರುವಲ್ಲಿ ಮಾತ್ರ ‘ಆಮಿಷ’ ಎಂದು ಇಟ್ಟುಕೊಂಡಿದ್ದೇನೆ. ತಂಡಕ್ಕೆ ಹಣ ಸುರಿಯುವ ಸಿರಿವಂತ ಅಭಿಮಾನಿಗೆ ಅವರು ‘ಬೂಸ್ಟರ್’ ಎನ್ನುತ್ತಾರೆ. ಹಾಗೇ ಬರೆದರೆ ಕೊರೊನಾ ಲಸಿಕೆ ನೆನಪಾಗುತ್ತದೆ, ‘ಪೋಷಕ’ ಎಂದರೆ ಅಪ್ಪ ಅಮ್ಮ ಆಗಿಬಿಡುತ್ತಾರೆ, ‘ದಾನಿ’ ಸಾಕೆನಿಸಿದೆ. ಒಂದು ವರ್ಷ ಆಟ ನಿಲ್ಲಿಸುವ ಶಿಕ್ಷೆಗೆ ಅವರು ‘ಡೆತ್ ಪೆನಾಲ್ಟಿ’ ಎನ್ನುತ್ತಾರೆ. ಮರಣದಂಡನೆ ಎಂದು ಬರೆದರೆ ಓದುಗರು ಬೆಚ್ಚಿಬೀಳುತ್ತಾರೆ, ಹಾಗಾಗಿ ‘ತಂಡದ ಅಮಾನತು’ ಎಂದಿದ್ದೇನೆ.

ನಿಜಕ್ಕೂ ಸಿಕ್ಕಿಹಾಕಿಕೊಂಡಿರುವುದು ‘ವೆಕೇಟೆಡ್ ವಿನ್’ ಎಂಬಲ್ಲಿ. ತಪ್ಪು ಮಾಡಿದ ತಂಡದ ಗೆಲುವನ್ನು ದಾಖಲೆಯಿಂದ ತೆಗೆಯುತ್ತಾರೆ, ಆದರೆ ಸೋತವರಿಗೆ ಗೆಲುವು ಸಿಗುವುದಿಲ್ಲ. ಅವರ ಸೋಲು ಸೋಲಾಗಿಯೇ ಉಳಿಯುತ್ತದೆ. ‘ರದ್ದು’ ಎಂದರೆ ಪಂದ್ಯವೇ ನಡೆಯಲಿಲ್ಲ ಎಂಬ ಅರ್ಥ ಬರುತ್ತದೆ. ಲೆಕ್ಕಪತ್ರದವರು ಕಳೆಯುವುದಕ್ಕೆ ‘ವಜಾ’ ಎನ್ನುತ್ತಾರಲ್ಲ, ‘ಗೆಲುವು ವಜಾ’ ಎನ್ನಬಹುದೇ? ಅಥವಾ ‘ವಜಾ’ ಕೇಳಿದ ಕೂಡಲೇ ನಿಮಗೂ ಕೆಲಸ ಕಳೆದುಕೊಂಡ ನೌಕರನೇ ನೆನಪಾಗುತ್ತಾನೆಯೇ?

ಇನ್ನೊಂದು, ಕರಾವಳಿಯವರಿಗೆ. ಊಟ, ವಸತಿ, ಫೀಸು ಕೊಟ್ಟು ಕ್ರೀಡಾಪಟುಗಳನ್ನು ಕಾಲೇಜಿಗೆ ಸೇರಿಸಿಕೊಳ್ಳುವುದಕ್ಕೆ ನಿಮ್ಮ ಕಡೆ ‘ದತ್ತು’ ಎನ್ನುವುದನ್ನು ಕೇಳಿದ್ದೇನೆ. ಒಳ್ಳೆಯ ಕಬಡ್ಡಿ ಆಟಗಾರನನ್ನು ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿನವರು ಎಳೆದುಕೊಂಡರೆ ಅದಕ್ಕೆ ಏನೆನ್ನುತ್ತೀರಿ? ಮೈದಾನದ ಬದಿಯಲ್ಲಿ ನಿಂತವರು ಆಡುವ ಮಾತೇ ನನಗೆ ಬೇಕು.