ಕಂಬಾರರ ಶಿವಾಪುರ ಹುಡುಕಿಕೊಂಡು ಘೋಡಗೇರಿಗೆ ಹೋಗಿದ್ದೆ, ಮಕ್ಕಳನ್ನೂ ಕರೆದುಕೊಂಡು ಹೋಗಲಾ?

ನವನಗರ ಮಾಸ್ತರ:

ನಾನು ಬಾಗಲಕೋಟೆಯಲ್ಲಿ ಪಿಯು ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ‘ಕರಿಮಾಯಿ’ ಕಾದಂಬರಿಯನ್ನು ಮೂರು ಸಲ ಓದಿದ್ದೇನೆ. ಚಂದ್ರಶೇಖರ ಕಂಬಾರರ ಕಾದಂಬರಿ, ನಾಟಕ, ಪದ್ಯಗಳಲ್ಲಿ ತಿರುತಿರುಗಿ ಬರುವ ಶಿವಾಪುರ ಅನ್ನೋ ಊರು ಅವರೇ ಕಟ್ಟಿಕೊಂಡದ್ದು, ಅದಕ್ಕೆ ಮಣ್ಣು ಸಿಕ್ಕಿದ್ದು ಅವರು ಹುಟ್ಟಿದ, ಬೆಳಗಾವಿ ಜಿಲ್ಲೆಯ ಘೋಡಗೇರಿಯಿಂದ. ಇದೆಲ್ಲ ಗೊತ್ತಿದ್ದೂ ಕಳೆದ ಜನವರಿಯಲ್ಲಿ ಒಂದು ಭಾನುವಾರ ಗೆಳೆಯನ ಬೈಕ್ ಇಸಿದುಕೊಂಡು ಹೊರಟೇಬಿಟ್ಟೆ.

ಗೋಕಾಕ ದಾಟಿದ ಮೇಲೆ ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರ್. ಒಂದೊಂದಕ್ಕೂ ಎರಡೆರಡು ಟ್ರೇಲರ್, ಹಿಂದೆ ಲೈಟಿಲ್ಲ, ಮುಂದೆ ಡಿಜೆ ಹಾಡು. ಅವನ್ನು ದಾಟಿಕೊಂಡು ಹೋಗೋದರಲ್ಲೇ ಅರ್ಧ ಕಾದಂಬರಿ ಮರೆತುಹೋಯಿತು. ಊರಲ್ಲಿ ಚಹಾದಂಗಡಿ ಮುಂದೆ ನಿಂತು ಸುಮ್ನೆ “ಶಿವಾಪುರ...” ಅಂತ ಬಾಯಿ ಬಿಟ್ಟೆ ನೋಡಿ. ಅಲ್ಲಿ ಕೂತಿದ್ದ ಹಿರಿಯರೊಬ್ಬರು ತಲೆ ಎತ್ತಿ, “ಆ ಹೆಸರಿನ ಊರು ಬೇಕಾದಷ್ಟ ಅದಾವ್ರೀ, ಯಾವ ಶಿವಾಪುರ? ಯಾರ ಮನೀಗೆ ಹೋಗಾವ್ರು?” ಅಂದರು. ಕಾದಂಬರಿಯಲ್ಲಿ ಬರುವ ಗೌಡರ ಮನೆಗೆ ಅನ್ನಲಾ, ಗುಡಸೀಕರನ ಮನೆಗೆ ಅನ್ನಲಾ? ಚಹಾ ಕುಡಿದು ಹೊಳೆ ದಂಡೆಗೆ ಹೋಗಿ ಒಂದು ಗಂಟೆ ಕೂತೆ. ಒಬ್ಬ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ವಾಪಸ್ ಬಂದೆ.

ಈಗ ಇಪ್ಪತ್ತು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಆಸೆ ಇದೆ. ನನಗಾದ ನಿರಾಸೆ ಅವರಿಗೂ ಆದರೆ ಪುಸ್ತಕವನ್ನೂ ಕೈಬಿಡುತ್ತಾರೆ ಅನ್ನೋ ಭಯ. ಮೊದಲು ಓದಿಸಿ ಆಮೇಲೆ ಊರು ತೋರಿಸಬೇಕಾ, ಊರು ತೋರಿಸಿ ಆಮೇಲೆ ಪುಸ್ತಕ ಕೊಡಬೇಕಾ?

ಕರದಂಟು:

ಸರ್, ಜನವರಿಯಲ್ಲಿ ಯಾಕೆ ಹೋದ್ರಿ? ಆಗ ಈ ಕಡೆ ಕಬ್ಬು ಕಡಿಯೋದು ಬಿಟ್ಟು ಬೇರೆ ಧ್ಯಾನವೇ ಇರಲ್ಲ. ಭಾದ್ರಪದದಲ್ಲಿ ಬನ್ನಿ, ಗಣಪತಿ ಹಬ್ಬ ಆಗಿ ನಾಲ್ಕು ದಿನಕ್ಕೆ. ಅಷ್ಟಮಿಗೆ ನಮ್ಮ ಮಳೆ-ಬೆಳೆಯ ದೇವರು ಜೋಕುಮಾರ ಹುಟ್ಟುತ್ತಾನೆ. ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ತಪ್ಪಲು ಹಾಸಿ, ನಡುವೆ ಮಣ್ಣಿನ ಜೋಕುಮಾರನನ್ನು ಕೂರಿಸಿ ತಲೆ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಅಗಲ ಮುಖ, ದೊಡ್ಡ ಕಣ್ಣು, ಬಾಯಿಗೆ ಬೆಣ್ಣೆ ಮೆತ್ತಿರುತ್ತಾರೆ. ನಮ್ಮವ್ವ ಮೊರದಲ್ಲಿ ಜೋಳ ಕೊಟ್ಟರೆ ಅವರು ಅದೇ ಮೊರದಲ್ಲಿ ಬೇವಿನ ಎಲೆ, ಒಂದಿಷ್ಟು ನುಚ್ಚು ಹಾಕಿ ವಾಪಸ್ ಕೊಡುತ್ತಿದ್ದರು. ಅದನ್ನು ಅಂಬಲಿಗೆ ಬೆರೆಸಿ ಹೊಲದಲ್ಲಿ ಚರಗ ಚೆಲ್ಲೋದು, ಅಂದರೆ ಬೆಳೆ ಮೇಲೆ ಚಿಮುಕಿಸೋದು, ನನ್ನ ಕೆಲಸ.

ಹುಡುಗನಾಗಿದ್ದಾಗ ಇದರಲ್ಲಿ ಏನೂ ವಿಶೇಷ ಕಂಡಿರಲಿಲ್ಲ. ಬುಟ್ಟಿ ಬಂತು, ಹಾಡಿದರು, ಹೋದರು, ಅಷ್ಟೇ. ಧಾರವಾಡದಲ್ಲಿ ಓದುವಾಗ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ನೋಡಿದೆ. ಮುಂದಿನ ವರ್ಷ ಬುಟ್ಟಿ ಬಂದಾಗ ಒಳಗೆ ಹೋಗಲಿಲ್ಲ, ಹಾಡು ಮುಗಿಯೋವರೆಗೂ ಅಂಗಳದಲ್ಲೇ ನಿಂತೆ. ಒಂದು ಸಾಲಿಗೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಪ್ರತಿ ವರ್ಷ ಹಾಗೇ ನಗುತ್ತಿದ್ದಳೋ ಏನೋ, ನಾನು ನೋಡಿದ್ದು ಮಾತ್ರ ಆವತ್ತೇ. ಅದಕ್ಕೇ ಹೇಳೋದು, ಮೊದಲು ಓದಿಸಿ.

ಗುಮ್ಮಟದ ಗುಬ್ಬಿ:

ನಾನು ಉಲ್ಟಾ ಹೇಳ್ತೀನಿ, ಬೇಜಾರಾಗಬೇಡಿ. ಕಥೆ ಮೊದಲೇ ತಲೆಗೆ ಹೋದರೆ ಜಾಗ ಕಾಣಲ್ಲ. ನಮ್ಮ ವಿಜಯಪುರದ ಸಾಠ್ ಕಬರ್‌ಗೆ, ಅಂದರೆ ‘ಅರವತ್ತು ಗೋರಿ’ಗೆ, ಬರುವವರನ್ನು ನೋಡಿ. 1659ರಲ್ಲಿ ಅಫಜಲ್ ಖಾನ್ ಶಿವಾಜಿ ಮೇಲೆ ದಂಡೆತ್ತಿ ಹೊರಟಾಗ ನೀನು ವಾಪಸ್ ಬರಲ್ಲ ಅಂತ ಜ್ಯೋತಿಷಿ ಹೇಳಿದನಂತೆ, ಅವನು ತನ್ನ ಅರವತ್ತಮೂರು ಹೆಂಡಂದಿರನ್ನೂ ಕೊಂದನಂತೆ. ಇದು ಕಥೆ. ಎಲ್ಲರೂ ಇದನ್ನು ಯೂಟ್ಯೂಬ್‌ನಲ್ಲಿ ಕೇಳಿಕೊಂಡೇ ಬರುತ್ತಾರೆ. ಬಂದವರು ಗೋರಿ ಎಣಿಸುತ್ತಾರೆ, ಲೆಕ್ಕ ತಪ್ಪಿತು ಅಂತ ಜಗಳ ಆಡುತ್ತಾರೆ, ಹೆದರಿದ ಮುಖ ಮಾಡಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕರಿಕಲ್ಲಿನ ಗೋರಿಗಳು ಸಾಲುಸಾಲಾಗಿ ಇವೆ, ಮೇಲ್ಭಾಗ ಚಪ್ಪಟೆ, ಅಂದರೆ ಹೆಂಗಸರ ಗೋರಿ. ಆ ಕಲ್ಲನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿದವರನ್ನು ನಾನು ಕಂಡಿಲ್ಲ. ಕಥೆ ನಿಜವಾ ಅಂತ ಕೇಳಿದವರನ್ನೂ ಕಂಡಿಲ್ಲ.

ಇನ್ನು ಕಥೆಗೆ ತಕ್ಕಂತೆ ಜಾಗ ಹೊಂದಿಸೋ ವ್ಯಾಪಾರ ಬೇರೆ. ಇಟಲಿಯ ವೆರೋನಾದಲ್ಲಿ ಜೂಲಿಯೆಟ್ ಮನೆ ಅಂತ ಜನ ಮುಗಿಬಿದ್ದು ನೋಡ್ತಾರಲ್ಲ, ಆ ಬಾಲ್ಕನಿ ಕೂರಿಸಿದ್ದೇ 20ನೇ ಶತಮಾನದಲ್ಲಿ. ನಮ್ಮಲ್ಲೂ ಮಾಲ್ಗುಡಿ ಅನ್ನೋ ಊರೇ ಇಲ್ಲ, ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿನಲ್ಲಿ ಸೀರಿಯಲ್ ಶೂಟಿಂಗ್ ಆಗಿತ್ತು, 2020ರಲ್ಲಿ ಅಲ್ಲೇ ಮಾಲ್ಗುಡಿ ಮ್ಯೂಸಿಯಂ ಆಯಿತು. ಚೆನ್ನಾಗಿದೆ, ನಾನೂ ಫೋಟೋ ತೆಗೆಸಿಕೊಂಡು ಬಂದೆ, ಸುಳ್ಳು ಯಾಕೆ ಹೇಳಲಿ. ಆದರೆ ಘೋಡಗೇರಿಯಲ್ಲಿ ‘ಗುಡಸೀಕರನ ಮನೆ’ ಅಂತ ಬೋರ್ಡು ಬೀಳೋದು ಮಾತ್ರ ಬೇಡ.

ಹೊಂಗಲದಾಂವ:

ಬೋರ್ಡು ಯಾಕೆ ಬೇಕು, ನಮ್ಮ ಬೈಲಹೊಂಗಲದಲ್ಲಿ ಬೋರ್ಡಿಲ್ಲದೆಯೇ ನಡೀತಿದೆ! ‘ಸಂಗ್ಯಾ ಬಾಳ್ಯಾ’ ಸಣ್ಣಾಟದ (ಜನಪದ ನಾಟಕ) ಕಥೆ ನಮ್ಮೂರದ್ದೇ, ನಿಜವಾಗಿ ಆದ ಕೊಲೆ ಮೇಲೆ ಕಟ್ಟಿದ್ದು ಅಂತ ಹಿರಿಯರು ಹೇಳ್ತಾರೆ. ಮದುವೆಯಾದ ಗಂಗಿಗೆ ಸಂಗ್ಯಾ ಮನಸೋಲುತ್ತಾನೆ, ಗೆಳೆಯ ಬಾಳ್ಯಾನೇ ಕೊನೆಗೆ ಅವನಿಗೆ ದ್ರೋಹ ಮಾಡುತ್ತಾನೆ. ಹೊರಗಿನಿಂದ ನೆಂಟರು ಬಂದರೆ ಕಿತ್ತೂರು ಚನ್ನಮ್ಮನ ಸಮಾಧಿಗೆ ಕರೆದೊಯ್ಯುತ್ತೇವೆ. ಕೈ ಮುಗಿದು ಎರಡು ನಿಮಿಷಕ್ಕೆ ಹೊರಗೆ ಬಂದು, ದನಿ ತಗ್ಗಿಸಿ, “ಗಂಗಿ ಮನಿ ಯಾವ ಓಣ್ಯಾಗ ಬರತೈತಿ?” ಅಂತ ಕೇಳ್ತಾರೆ. ನಮ್ಮ ಕಾಕಾ ಒಬ್ಬರು ಪ್ರತಿ ಸಲ ಒಂದೊಂದು ಓಣಿ ತೋರಿಸುತ್ತಿದ್ದರು, ಎಲ್ಲರೂ ನಂಬಿ ನಿಂತು ನೋಡುತ್ತಿದ್ದರು. ನಗಬೇಡಿ, ನನಗೂ ಅಷ್ಟೇ. ಸಂಜೆ ಆ ಓಣಿಗಳಲ್ಲಿ ಇಬ್ಬರು ಗೆಳೆಯರು ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟರೆ ಇದರಲ್ಲಿ ಬಾಳ್ಯಾ ಯಾರು ಅಂತ ಒಂದು ಕ್ಷಣ ನೋಡ್ತೀನಿ.

ಹಳೇಪೇಟೆಯವಳು:

ಸರ್, ನಿಮ್ಮ ಕ್ಲಾಸಿನ ಎಷ್ಟೋ ಮಕ್ಕಳ ಅಜ್ಜ-ಅಜ್ಜಿ ಹಳೇ ಬಾಗಲಕೋಟೆಯವರೇ ಇರಬೇಕು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಸೆಕ್ಟರ್ ನಂಬರ್ ಹಿಡಿದು ನವನಗರಕ್ಕೆ ಬಂದವರು ನಾವು. ನಾನು ಹುಟ್ಟಿದ್ದು ಇಲ್ಲೇ. ಹಳೆಯ ಮನೆಯ ಕಟ್ಟೆ, ಪಡಸಾಲೆ, ಎದುರು ಮನೆಯವರ ಜಗಳ ಎಲ್ಲ ಅಜ್ಜಿ ಹೇಳಿ ಹೇಳಿ ನನಗೆ ಬಾಯಿಪಾಠ. ಒಂದು ಬೇಸಿಗೆಯಲ್ಲಿ ನೀರು ಇಳಿದಾಗ ಅವಳನ್ನು ಕರೆದುಕೊಂಡು ಹೋದೆ. ಕೆಸರು ಒಣಗಿ ಬಿರುಕು ಬಿಟ್ಟಿತ್ತು, ನಡುವೆ ಎರಡು ಸಾಲು ಕಲ್ಲು. ಅಜ್ಜಿ ಒಂದು ಕಡೆ ನಿಂತು, “ಇಲ್ಲೇ ಬಾಗಲಾ ಇತ್ತು, ಚಪ್ಪಲಿ ಬಿಡವಾ” ಅಂದಳು. ಬಿಟ್ಟೆ. ಒಳಗೆ ಬಾ ಅಂದಳು. ಹೋದೆ. ಅಡುಗೆಮನೆ ಎಲ್ಲಿ ಅಂತ ನಾನೇ ತೋರಿಸಿದೆ, ಸರಿಯಾಗೇ ತೋರಿಸಿದೆನಂತೆ.

ಘೋಡಗೇರಿಗೆ ಹೋಗಿ, ಬೇಡ ಅನ್ನಲ್ಲ. ಅದಕ್ಕೂ ಮುಂಚೆ ಒಂದು ಸಲ ನೀರು ಇಳಿದಾಗ ಮಕ್ಕಳನ್ನು ಆ ಹಳೇ ಊರಿಗೆ ಕರೆದುಕೊಂಡು ಹೋಗಿ, ಅಜ್ಜಿಯರ ಜೊತೆಗೆ.

ನವನಗರ ಮಾಸ್ತರ:

ಎಲ್ಲರಿಗೂ ಥ್ಯಾಂಕ್ಸ್. ಹಳೇಪೇಟೆಯವರೇ, ಹತ್ತು ವರ್ಷದಿಂದ ಇದೇ ಊರಲ್ಲಿ ಪಾಠ ಮಾಡ್ತಿದ್ದೀನಿ, ಇದು ಹೊಳೆದೇ ಇರಲಿಲ್ಲ. ಹೀಗೆ ಮಾಡ್ತೀನಿ: ಮೊದಲು ಮಕ್ಕಳೆಲ್ಲ ಮನೆಯ ಹಿರಿಯರಿಂದ ಹಳೇ ಊರಿನ ಒಂದು ಜಾಗ ಕೇಳಿ ಬರೆದುಕೊಂಡು ಬರಲಿ. ಆಮೇಲೆ ‘ಕರಿಮಾಯಿ’ಯ ಮೊದಲ ಕೆಲವು ಪುಟ ಮಾತ್ರ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸ್ತೀನಿ, ಪೂರ್ತಿ ಬೇಡ. ಭಾದ್ರಪದದಲ್ಲಿ ಹೊರಡೋದು. ಗುಬ್ಬಿಯವರೇ, ಸೆಲ್ಫಿ ನಿಲ್ಲಿಸೋದು ನನ್ನ ಕೈಯಲ್ಲಿಲ್ಲ. ಕರದಂಟು ಅವರೇ, ನಿಮ್ಮ ಅಂಗಳ ಎಷ್ಟು ದೊಡ್ಡದಿದೆ? ಇಪ್ಪತ್ತು ಮಕ್ಕಳು, ನಾನೊಬ್ಬ.

ಕರದಂಟು:

ಅಂಗಳ ಸಾಕಾಗುತ್ತೆ ಸರ್. ರೊಟ್ಟಿ ಬಡಿಯೋರಿಗೆ ಹೇಳಬೇಕು, ಒಂದು ದಿನ ಮೊದಲೇ ಫೋನ್ ಮಾಡಿ. ಆದರೆ ಹಾಡಿನ ಅರ್ಥ ಏನು ಅಂತ ಮಕ್ಕಳು ಕೇಳಿದರೆ ಉತ್ತರ ನೀವೇ ಕೊಡಬೇಕು, ಅವ್ವನನ್ನು ಕೇಳಬೇಡಿ.